ಊರಿಗೆ ಫೈರ್ ಇಂಜಿನ್ ಬರುತ್ತಿದೆ, ಟೆಂಡರ್ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರದ ಒಂದು ಸಣ್ಣ ಊರಲ್ಲಿದ್ದೇವೆ. ಹೋದ ತಿಂಗಳು ನಮ್ಮ ಸಿಟಿ ಕೌನ್ಸಿಲ್ ಹೊಸ ಫೈರ್ ಇಂಜಿನ್ ಕೊಳ್ಳಲು ಒಪ್ಪಿಗೆ ಕೊಟ್ಟಿತು. ಬೆಲೆ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ. ಟೆಂಡರ್ ಕರೆದಿಲ್ಲ. "ಸಹಕಾರಿ ಖರೀದಿ ಒಪ್ಪಂದದ ಮೂಲಕ" ಅಂತ ಒಂದೇ ಸಾಲು ಬರೆದಿದ್ದಾರೆ. ಚರ್ಚೆ ಕೂಡ ಆಗಲಿಲ್ಲ. ನಮ್ಮ ತಂದೆ ಹಾಸನ ಜಿಲ್ಲೆಯ ಒಂದು ಪುರಸಭೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಈಗ ನಮ್ಮ ಜೊತೆ ಇದ್ದಾರೆ. "ಇದು ನಮ್ಮ 4(ಜಿ) ಇದ್ದ ಹಾಗೇ ಇದೆಯಲ್ಲ" ಅಂದರು. ಇದು ಕಾನೂನಿಗೆ ಸರಿಯಾ? ಬೆಲೆ ನಿಜವಾಗಿ ಕಡಿಮೆ ಬೀಳುತ್ತದಾ? ಪಾರ್ಕ್ ಬೆಂಚು, ಮೇಜು ಮಾಡುವ ನನ್ನ ಗೆಳೆಯನಂಥ ಸಣ್ಣ ವ್ಯಾಪಾರಿಗಳಿಗೆ ಇದರಲ್ಲಿ ಜಾಗ ಇದೆಯಾ?

ಉತ್ತರ: ನಿಮ್ಮ ತಂದೆಯವರ ಅನುಮಾನದಿಂದಲೇ ಶುರು ಮಾಡುತ್ತೇನೆ. ಟೆಂಡರ್ ಫೈಲು ಹಿಡಿದು ಕೂತವರಿಗೆ ಬರುವ ಅನುಮಾನ ಅದು, ಬರಲೇಬೇಕು. ಕರ್ನಾಟಕದ ಟೆಂಡರ್ ಪಾರದರ್ಶಕತೆ ಕಾಯ್ದೆ 1999ರದ್ದು. ಅದರ 4(ಜಿ) ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೋ ಒಂದು ಖರೀದಿಗೆ ವಿನಾಯಿತಿ ಕೊಡಬಹುದು. ಆಗ ಪೈಪೋಟಿಯ ಟೆಂಡರ್ ಇಲ್ಲದೆಯೇ ಖರೀದಿ ಮುಗಿಯುತ್ತದೆ. ನಿಮ್ಮ ಊರಲ್ಲಿ ಆಗಿರುವುದು ಬೇರೆ. ಇಲ್ಲಿ ಟೆಂಡರ್ ನಡೆದಿರುತ್ತದೆ, ನಡೆಸಿದವರು ಮಾತ್ರ ಬೇರೆಯವರು. ಇನ್ನೊಂದು ಸರ್ಕಾರಿ ಸಂಸ್ಥೆ ಟೆಂಡರ್ ಕರೆದು, ದರ ನಿಗದಿ ಮಾಡಿ, ಒಪ್ಪಂದ ಮಾಡಿಕೊಂಡಿದೆ. ನಿಮ್ಮ ಊರು ಆ ದರಕ್ಕೆ ತಾನೂ ಸೇರಿಕೊಂಡಿದೆ.

ಹಾಗಾಗಿ ಟೆಂಡರ್ ಯಾಕೆ ಕರೆದಿಲ್ಲ ಅಂತ ಕೇಳಿದರೆ ಸಿಟಿಯವರ ಹತ್ತಿರ ಉತ್ತರ ರೆಡಿ ಇರುತ್ತದೆ. ಆ ಟೆಂಡರ್ ಫೈಲು ಎಲ್ಲಿದೆ, ಅದನ್ನು ನಮ್ಮವರು ಓದಿದ್ದಾರಾ, ನಾವು ಕೊಳ್ಳುತ್ತಿರುವ ಗಾಡಿ ಅದರೊಳಗೆ ಇದೆಯಾ ಅಂತ ಕೇಳಿ. ನಾನು ಈ ದೇಶದ ಒಂದು ಕೌಂಟಿಯ (ನಮ್ಮ ಕಡೆಯ ಜಿಲ್ಲೆಯಂಥದ್ದು) ಖರೀದಿ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ತಪ್ಪು ಆಗುವುದು ಬಹುಮಟ್ಟಿಗೆ ಇಲ್ಲೇ.

ಇಂಥ ಏರ್ಪಾಡು ಯಾಕೆ ಹುಟ್ಟಿತು ಅಂತ ತಿಳಿದರೆ ಉಳಿದದ್ದು ಸುಲಭ. ಅಮೆರಿಕದಲ್ಲಿ ಊರು, ಕೌಂಟಿ, ಶಾಲಾ ಜಿಲ್ಲೆ, ನೀರಿನ ಜಿಲ್ಲೆ ಎಲ್ಲ ಸೇರಿ ಸುಮಾರು 90 ಸಾವಿರ ಸ್ಥಳೀಯ ಸರ್ಕಾರಗಳಿವೆ. ಹೆಚ್ಚಿನವು ತೀರ ಸಣ್ಣವು. ಖರೀದಿಗೇ ಅಂತ ಒಬ್ಬ ನೌಕರನೂ ಇಲ್ಲದ ಊರುಗಳಿವೆ, ಸಿಟಿ ಸೆಕ್ರೆಟರಿಯೇ ಎಲ್ಲ ನೋಡಿಕೊಳ್ಳಬೇಕು. ಅಂಥವರು ಹದಿನೈದು ವರ್ಷಕ್ಕೊಮ್ಮೆ ಕೊಳ್ಳುವ ಫೈರ್ ಇಂಜಿನ್‌ಗೆ ನೂರಾರು ಪುಟದ ಟೆಂಡರ್ ದಾಖಲೆ ಬರೆಯುವುದು ನಿಜವಾಗಿ ಕಷ್ಟ. ಪಂಪಿನ ತಾಕತ್ತು, ಚಾಸಿ, ಏಣಿ, ಸುರಕ್ಷತಾ ಮಾನದಂಡ ಎಲ್ಲವನ್ನೂ ತಿಳಿದು ಬರೆಯಬೇಕು. ಒಂದು ಅಂಶ ಬಿಟ್ಟುಹೋದರೂ ಮುಂದೆ ತಕರಾರು.

ಅದಕ್ಕೇ ಟೆಂಡರ್ ಕೆಲಸವನ್ನು ಹಲವರು ಹಂಚಿಕೊಳ್ಳುತ್ತಾರೆ. ಹಂಚಿಕೊಳ್ಳುವುದರಲ್ಲೂ ಬಗೆಗಳಿವೆ. ಎಲ್ಲರೂ ಮೊದಲೇ ಸೇರಿ, ಯಾರಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ, ಒಂದೇ ಟೆಂಡರ್ ಕರೆಯುವುದು ಒಂದು. ಇದಕ್ಕೆ ಒಳ್ಳೆಯ ಉದಾಹರಣೆ ಉಪ್ಪು. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ರಸ್ತೆಗೆ ಸುರಿಯುವ ಉಪ್ಪು. ಪೆನ್ಸಿಲ್ವೇನಿಯಾದಲ್ಲಿ ರಾಜ್ಯವೇ ನಡೆಸುವ ಕೋಸ್ಟಾರ್ಸ್ ಎಂಬ ಯೋಜನೆ ಇದೆ. ಊರುಗಳು ಚಳಿಗಾಲಕ್ಕೆ ಬಹಳ ಮೊದಲೇ ತಮಗೆ ಬೇಕಾದ ಟನ್ ಲೆಕ್ಕ ಕೊಡುತ್ತವೆ. ರಾಜ್ಯ ಒಟ್ಟಿಗೆ ಟೆಂಡರ್ ಮಾಡುತ್ತದೆ. ಆದರೆ ಹೇಳಿದ ಲೆಕ್ಕದಲ್ಲಿ 60 ಪರ್ಸೆಂಟ್ ಆದರೂ ಊರು ಕೊಳ್ಳಲೇಬೇಕು, ಹಿಮ ಬೀಳದಿದ್ದರೂ ಸರಿ. ಬದಲಿಗೆ 140 ಪರ್ಸೆಂಟ್‌ವರೆಗೆ ಅದೇ ದರಕ್ಕೆ ಉಪ್ಪು ಕೊಡಲು ಕಂಪನಿ ಕಟ್ಟುಬೀಳುತ್ತದೆ. ಈ ಬಗೆಯಲ್ಲಿ ಬೆಲೆ ನಿಜವಾಗಿ ಇಳಿಯುತ್ತದೆ. ಎಷ್ಟು ಸರಕು ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಮಾರುವವನಿಗೆ ಖಚಿತವಾಗಿ ಗೊತ್ತಿರುತ್ತದೆ, ಅದಕ್ಕೆ.

ನಿಮ್ಮ ತಂದೆಯವರಿಗೆ ಇದರದೇ ಜಾತಿಯ ಒಂದು ನಮ್ಮ ಕಡೆಯ ಉದಾಹರಣೆ ಹೇಳಿ. 2022ರಲ್ಲಿ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್ ಐದೂ ನಗರಗಳಿಗೆ ಸೇರಿ 5,450 ಎಲೆಕ್ಟ್ರಿಕ್ ಬಸ್ಸುಗಳಿಗೆ ಒಂದೇ ಟೆಂಡರ್ ಆಯಿತು. ಕೇಂದ್ರ ಸರ್ಕಾರದ ಕಡೆಯ ಸಿಇಎಸ್‌ಎಲ್ ಅದನ್ನು ನಡೆಸಿತು. ಬೆಂಗಳೂರಿನಲ್ಲಿ ಈಗ ಓಡುತ್ತಿರುವ ಬಿಎಂಟಿಸಿಯ 12 ಮೀಟರ್ ಉದ್ದದ ಟಾಟಾ ಎಲೆಕ್ಟ್ರಿಕ್ ಬಸ್ಸುಗಳು ಆ ಟೆಂಡರ್‌ನಿಂದಲೇ ಬಂದವು, ಮೊದಲ ಆರ್ಡರ್‌ನಲ್ಲಿ 921. ಒಂದೊಂದು ನಗರವೂ ಬೇರೆ ಬೇರೆಯಾಗಿ ಕೇಳಿದಾಗ ಸಿಗದ ದರ ಐದೂ ಒಂದಾಗಿ ಕೇಳಿದಾಗ ಸಿಕ್ಕಿತು. ಬೇಡಿಕೆಯನ್ನು ಮೊದಲು ಕೂಡಿಸಿ ಆಮೇಲೆ ಬೆಲೆ ಕೇಳಿದರು ನೋಡಿ, ಅದರ ಫಲ.

ಇನ್ನೊಂದು ಬಗೆಯನ್ನು ಇಲ್ಲಿಯವರು ಪಿಗ್ಗಿಬ್ಯಾಕ್ ಅನ್ನುತ್ತಾರೆ. ನಮ್ಮಲ್ಲಿ ಮಕ್ಕಳನ್ನು ಬೆನ್ನ ಮೇಲೆ ಹೊರುವ ಕೂಸುಮರಿ ಆಟ. ಒಂದು ಕೌಂಟಿ ತನಗೆ ಬೇಕು ಅಂತ ಟೆಂಡರ್ ಕರೆಯುತ್ತದೆ. ಅದರಲ್ಲಿ ಒಂದು ಷರತ್ತು ಸೇರಿಸಿರುತ್ತದೆ: ಬೇರೆ ಸರ್ಕಾರಿ ಸಂಸ್ಥೆಗಳೂ ಇದೇ ದರಕ್ಕೆ, ಇದೇ ನಿಯಮಕ್ಕೆ ಕೊಳ್ಳಬಹುದು. ಆಮೇಲೆ ಪಕ್ಕದ ಊರು ಅದರ ಬೆನ್ನೇರುತ್ತದೆ. ವಾಷಿಂಗ್ಟನ್ ಸುತ್ತಲಿನ ಊರು, ಕೌಂಟಿಗಳು 1971ರಿಂದ ಒಂದು ಕೂಟದ ಮೂಲಕ ಹೀಗೆ ಹಂಚಿಕೊಂಡು ಬಂದಿವೆ. ಆ ಷರತ್ತಿಗೆ ಅಲ್ಲಿ ರೈಡರ್ ಕ್ಲಾಜ್ ಅನ್ನುತ್ತಾರೆ. ಮೂಲ ಟೆಂಡರ್‌ನಲ್ಲಿ ಆ ಷರತ್ತು ಇರಲೇಬೇಕು. ಇಲ್ಲದಿದ್ದರೆ ಬೆನ್ನೇರುವ ಹಾಗಿಲ್ಲ. ದರ ಹೇಳುವ ಹೊತ್ತಿನಲ್ಲಿ ಮಾರುವವನಿಗೆ ಅದು ಗೊತ್ತಿರಬೇಕಲ್ಲವೇ?

ನಿಮ್ಮ ಊರು ಬಳಸಿರುವುದು ಬಹುಶಃ ಮೂರನೆಯ ಬಗೆ. ಇಲ್ಲಿ ಬೇರೆಯವರಿಗಾಗಿ ಒಪ್ಪಂದ ಮಾಡಿಡುವುದೇ ಒಂದು ಸಂಸ್ಥೆಯ ಕೆಲಸ. ಟೆಕ್ಸಾಸ್‌ನಲ್ಲಿ ಫೈರ್ ಇಂಜಿನ್, ಆಂಬುಲೆನ್ಸ್ ಅಂದರೆ ಮೊದಲು ಕೇಳಿಬರುವ ಹೆಸರು ಎಚ್‌ಜಿಎಸಿ ಬೈ. ಹ್ಯೂಸ್ಟನ್ ಸುತ್ತಲಿನ 13 ಕೌಂಟಿಗಳ ಸರ್ಕಾರಗಳು ಸೇರಿ ಕಟ್ಟಿಕೊಂಡ ಪ್ರಾದೇಶಿಕ ಮಂಡಳಿಯ ಖರೀದಿ ಶಾಖೆ ಅದು. ಶಾಲೆಗಳ ಸಂಘದವರು ನಡೆಸುವ ಬೈಬೋರ್ಡ್ ಇದೆ. ದೇಶದ ಮಟ್ಟದಲ್ಲಿ ಸೋರ್ಸ್‌ವೆಲ್ ಇದೆ. ಮಿನೆಸೋಟಾದ ಸ್ಟೇಪಲ್ಸ್ ಅನ್ನುವ ಪುಟ್ಟ ಊರಲ್ಲಿ ಅದರ ಕಚೇರಿ. 1978ರಲ್ಲಿ ಸುತ್ತಮುತ್ತಲ ಶಾಲೆ, ಊರುಗಳಿಗೆ ನೆರವಾಗಲು ಶುರುವಾದದ್ದು ಈಗ ದೇಶದ ಎಲ್ಲ ಕಡೆಗೂ ಟ್ರಾಕ್ಟರ್, ಹಿಮ ತಳ್ಳುವ ಗಾಡಿ, ಪೀಠೋಪಕರಣದ ಒಪ್ಪಂದ ಮಾಡಿಕೊಡುತ್ತದೆ. ಪಶ್ಚಿಮದ ರಾಜ್ಯಗಳು 1993ರಲ್ಲಿ ಶುರು ಮಾಡಿದ ಕೂಟ ಈಗ ನಾಸ್ಪೊ ವ್ಯಾಲ್ಯೂಪಾಯಿಂಟ್ ಆಗಿದೆ. ಅಲ್ಲಿ ಒಂದು ರಾಜ್ಯ ಮುಂದಾಳಾಗಿ ಟೆಂಡರ್ ಮಾಡುತ್ತದೆ, ಉಳಿದವು ತಮ್ಮದೊಂದು ಪೂರಕ ಕರಾರು ಬರೆದು ಸೇರಿಕೊಳ್ಳುತ್ತವೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಟೆಕ್ಸಾಸ್‌ನ ಊರುಗಳು ಒಂದು ಮೊತ್ತಕ್ಕಿಂತ ಜಾಸ್ತಿ ಖರ್ಚು ಮಾಡುವಾಗ ಟೆಂಡರ್ ಕರೆಯಬೇಕು. ಆ ಮಿತಿ ಬಹಳ ಕಾಲ 50,000 ಡಾಲರ್ ಇತ್ತು, 2025ರ ಸೆಪ್ಟೆಂಬರ್‌ನಿಂದ ಒಂದು ಲಕ್ಷ ಡಾಲರ್. ಆದರೆ ಸ್ಥಳೀಯ ಸರ್ಕಾರಗಳ ಸಂಹಿತೆಯ 271ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ: ಸಹಕಾರಿ ಖರೀದಿ ಯೋಜನೆಯ ಮೂಲಕ ಕೊಂಡರೆ ಟೆಂಡರ್ ಕರೆಯಬೇಕೆಂಬ ನಿಯಮ ಪಾಲಿಸಿದಂತೆಯೇ. ಸರ್ಕಾರ ಸರ್ಕಾರಗಳ ನಡುವಿನ ಒಪ್ಪಂದಕ್ಕೆ ಇನ್ನೊಂದು ಸಂಹಿತೆಯ, ಅಂದರೆ ಗವರ್ನಮೆಂಟ್ ಕೋಡ್‌ನ, 791ನೇ ಅಧ್ಯಾಯ ಇದೆ. ಹಾಗಾಗಿ ನಿಮ್ಮ ಕೌನ್ಸಿಲ್ ಮಾಡಿದ್ದು ಕಾನೂನಿಗೆ ವಿರುದ್ಧ ಅಲ್ಲ. ಎಲ್ಲವನ್ನೂ ಹೀಗೆ ಕೊಳ್ಳಲು ಬಿಟ್ಟಿಲ್ಲ ಅನ್ನುವುದೂ ಗೊತ್ತಿರಲಿ. ಆರ್ಕಿಟೆಕ್ಟ್, ಇಂಜಿನಿಯರ್ ಸೇವೆಯನ್ನು ಖರೀದಿ ಕೂಟದ ಮೂಲಕ ಪಡೆಯುವಂತಿಲ್ಲ ಅಂತ ಅದೇ 791ನೇ ಅಧ್ಯಾಯದಲ್ಲಿದೆ.

ಹಣ ಎಲ್ಲಿಂದ ಬಂತು ಅನ್ನುವುದನ್ನೂ ನೋಡಿ. ಫೈರ್ ಇಂಜಿನ್‌ಗೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ಅನುದಾನ ಬಳಸುವ ಊರುಗಳಿವೆ. ಒಂದು ಡಾಲರ್ ಕೇಂದ್ರದ ಹಣ ಸೇರಿದರೂ ಕೇಂದ್ರದ ಖರೀದಿ ನಿಯಮ ಕೂಡ ಅನ್ವಯಿಸುತ್ತದೆ. ಆ ನಿಯಮಗಳು ಸರ್ಕಾರಗಳ ನಡುವಿನ ಹಂಚಿಕೆಗೆ ಪ್ರೋತ್ಸಾಹ ಕೊಡುತ್ತವೆ. ಆದರೆ ಇನ್ನೊಬ್ಬರ ಒಪ್ಪಂದದ ಬೆನ್ನೇರುವುದನ್ನು ಫೆಮಾ ಅಷ್ಟಾಗಿ ಮೆಚ್ಚುವುದಿಲ್ಲ. ಮೂಲ ಟೆಂಡರ್‌ನಲ್ಲಿ ಇದ್ದ ಪ್ರಮಾಣ, ಕೆಲಸದ ವ್ಯಾಪ್ತಿ ಮೀರಿದರೆ ಕೊಟ್ಟ ಹಣ ವಾಪಸ್ ಕೇಳುವ ಸಾಧ್ಯತೆ ಇದೆ.

ಈಗ ಬೆಲೆ. ನೀವು ಕೇಳಿದ್ದರಲ್ಲಿ ಇದೇ ತೂಕದ ಪ್ರಶ್ನೆ.

ಒಟ್ಟಿಗೆ ಕೊಂಡರೆ ಅಗ್ಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಪ್ಪಿನ ವಿಷಯದಲ್ಲಿ, ಬಸ್ಸಿನ ವಿಷಯದಲ್ಲಿ ಅದು ನಿಜ. ಕೂಟದ ಒಪ್ಪಂದದಲ್ಲಿ ಯಾವಾಗಲೂ ನಿಜ ಅಲ್ಲ. ಯಾಕೆಂದರೆ ಅಲ್ಲಿ ಯಾರೂ ಇಷ್ಟು ಕೊಳ್ಳುತ್ತೇವೆ ಅಂತ ಮಾತು ಕೊಟ್ಟಿರುವುದಿಲ್ಲ. ದರ ಹೇಳುವ ಕಂಪನಿಗೆ ಅಲಾಸ್ಕಾದಿಂದ ಆರ್ಡರ್ ಬರುತ್ತದೋ ಫ್ಲೋರಿಡಾದಿಂದ ಬರುತ್ತದೋ ಗೊತ್ತಿಲ್ಲ. ಹಾಗಾಗಿ ಎಂಥ ಕಷ್ಟದ ಆರ್ಡರ್ ಬಂದರೂ ನಷ್ಟ ಆಗದಂಥ ದರ ಬರೆಯುತ್ತದೆ. ಅದು ಗರಿಷ್ಠ ದರ. ಅದಕ್ಕಿಂತ ಕೆಳಗೆ ಚೌಕಾಸಿ ಮಾಡಬಹುದು, ಮಾಡಬೇಕು. ಆದರೆ ಎಷ್ಟೋ ಊರುಗಳು "ಒಪ್ಪಂದದ ದರ" ಅಂತ ನೋಡಿ ಸುಮ್ನೆ ಸಹಿ ಹಾಕಿಬಿಡುತ್ತವೆ. ಇದು ನನಗೆ ತುಂಬ ಬೇಸರ ತರುವ ವಿಷಯ. ಒಂದು ಫೋನ್ ಮಾಡಿದರೆ ಸಾವಿರಾರು ಡಾಲರ್ ಇಳಿಯುವುದನ್ನು ನಾನೇ ಕಂಡಿದ್ದೇನೆ.

ಇನ್ನೊಂದು, ಬಹಳ ಒಪ್ಪಂದಗಳಲ್ಲಿ ದರ ಅಂತ ಇರುವುದಿಲ್ಲ, ರಿಯಾಯಿತಿ ಇರುತ್ತದೆ. ಕಂಪನಿಯ ಬೆಲೆಪಟ್ಟಿಯ ಮೇಲೆ ಇಷ್ಟು ಪರ್ಸೆಂಟ್ ಕಡಿಮೆ ಅಂತ. ಪಟ್ಟಿಯನ್ನು ಬರೆಯುವವರು ಯಾರು? ಅದೇ ಕಂಪನಿ. ಪಟ್ಟಿ ಏರಿದರೆ ರಿಯಾಯಿತಿ ಹಾಗೇ ಇರುತ್ತದೆ, ನೀವು ಕೊಡುವ ದುಡ್ಡು ಏರುತ್ತದೆ.

ಇದರ ದೊಡ್ಡ ಉದಾಹರಣೆ ಅಮೆಜಾನ್‌ನದು. 2017ರಲ್ಲಿ ವರ್ಜೀನಿಯಾದ ಪ್ರಿನ್ಸ್ ವಿಲಿಯಂ ಕೌಂಟಿಯ ಶಾಲೆಗಳು ಮುಂದಾಳಾಗಿ ಒಂದು ಒಪ್ಪಂದ ಮಾಡಿಕೊಂಡವು. ಯುಎಸ್ ಕಮ್ಯೂನಿಟೀಸ್ ಎಂಬ ಕೂಟದ ಮೂಲಕ ದೇಶದ ಯಾವ ಊರು ಬೇಕಾದರೂ ಅದನ್ನು ಬಳಸಬಹುದಿತ್ತು. ಹನ್ನೊಂದು ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ವ್ಯಾಪಾರ ಆಗಬಹುದು ಅಂತ ಅಂದಾಜು ಮಾಡಿದ್ದರು. ಮರುವರ್ಷದ ಹೊತ್ತಿಗೆ 1,500ಕ್ಕೂ ಹೆಚ್ಚು ಸಂಸ್ಥೆಗಳು ಸೇರಿಕೊಂಡಿದ್ದವು. ಆದರೆ ಆ ಒಪ್ಪಂದ ನಿಗದಿತ ದರ ಕೊಡಲಿಲ್ಲ. ಜಾಲತಾಣದಲ್ಲಿ ಆ ಹೊತ್ತಿಗೆ ಎಷ್ಟಿದೆಯೋ ಅದೇ ಬೆಲೆ. ಸ್ಥಳೀಯ ಅಂಗಡಿಗಳ ಪರ ಕೆಲಸ ಮಾಡುವವರು ಇದನ್ನು ಬಲವಾಗಿ ಟೀಕಿಸಿದರು, ಅವರ ಮಾತಿನಲ್ಲಿ ಹುರುಳಿತ್ತು. ದರವೇ ನಿಗದಿಯಾಗದ ಮೇಲೆ ಊರುಗಳು ಹಂಚಿಕೊಂಡದ್ದಾದರೂ ಏನನ್ನು?

ಕೂಟಗಳಿಗೂ ಖರ್ಚಿದೆ. ಆ ಹಣ ಸಾಮಾನ್ಯವಾಗಿ ಮಾರುವ ಕಂಪನಿಯಿಂದ ಬರುತ್ತದೆ, ಪ್ರತಿ ಮಾರಾಟದ ಮೇಲೆ ಇಷ್ಟು ಅಂತ. ನಾಸ್ಪೊದಲ್ಲಿ ಅದು ಶೇಕಡ 0.25. ಬೇರೆ ಕಡೆ ಒಂದೆರಡು ಪರ್ಸೆಂಟ್‌ವರೆಗೂ ಹೋಗುತ್ತದೆ. ಅದು ಕೊನೆಗೆ ನಿಮ್ಮ ಬೆಲೆಯೊಳಗೇ ಸೇರಿರುತ್ತದೆ. ಇದರಲ್ಲಿ ಮೋಸ ಏನಿಲ್ಲ. ಟೆಂಡರ್ ಮಾಡುವ ಕೆಲಸವನ್ನು ಅವರು ಮಾಡಿದ್ದಾರೆ, ಅದಕ್ಕೆ ಕೂಲಿ. ಆದರೆ ಮಾರಾಟ ಹೆಚ್ಚಿದಷ್ಟೂ ಕೂಟಕ್ಕೆ ಆದಾಯ ಹೆಚ್ಚು ಅನ್ನುವುದನ್ನು ಕೊಳ್ಳುವವರು ನೆನಪಲ್ಲಿ ಇಟ್ಟುಕೊಳ್ಳಬೇಕು.

ನಾನು ಎಡವಿದ ಒಂದು ಪ್ರಸಂಗ ಹೇಳುತ್ತೇನೆ. ಒಂದು ಪಾರ್ಕಿಗೆ ಮಕ್ಕಳ ಜಾರುಬಂಡಿ, ಉಯ್ಯಾಲೆ ಬೇಕಿತ್ತು. ಕೂಟದ ಒಪ್ಪಂದದಲ್ಲಿ ಒಳ್ಳೆಯ ರಿಯಾಯಿತಿ ಇತ್ತು. ಕೊಟೇಷನ್ ತರಿಸಿದೆ, ರಿಯಾಯಿತಿ ಸರಿಯಾಗಿದೆಯಾ ಅಂತ ನೋಡಿದೆ, ಮುಂದಕ್ಕೆ ಕಳಿಸಿದೆ. ಕೆಲಸ ಮುಗಿದ ಮೇಲೆ ಆಡಿಟ್‌ನವರು ಕೇಳಿದರು: ನೆಲಕ್ಕೆ ರಬ್ಬರ್ ಹಾಸಿದ್ದು, ಅಗೆದು ಕಾಂಕ್ರೀಟ್ ಹಾಕಿದ್ದು ಯಾವ ಟೆಂಡರ್‌ನಲ್ಲಿದೆ? ತೆಗೆದು ನೋಡಿದರೆ ಎಲ್ಲೂ ಇಲ್ಲ. ಒಪ್ಪಂದ ಇದ್ದದ್ದು ಸಲಕರಣೆಗೆ ಮಾತ್ರ. ಉಳಿದದ್ದನ್ನು ಕಂಪನಿ ತನಗೆ ತೋಚಿದ ದರಕ್ಕೆ ಅದೇ ಕೊಟೇಷನ್‌ಗೆ ಸೇರಿಸಿತ್ತು. ಆ ಭಾಗದ ಮೊತ್ತ ನಮ್ಮ ಕೌಂಟಿಯ ಟೆಂಡರ್ ಮಿತಿಗಿಂತ ಜಾಸ್ತಿ ಇತ್ತು. ಜನರ ದುಡ್ಡು ಪೈಪೋಟಿಯೇ ಇಲ್ಲದೆ ಹೋಗಿತ್ತು, ಅದಕ್ಕೆ ಸಹಿ ಹಾಕಿದವನು ನಾನು. ಆವತ್ತಿನಿಂದ ಕೊಟೇಷನ್ನಿನ ಒಂದೊಂದು ಸಾಲನ್ನೂ ಮೂಲ ಒಪ್ಪಂದದ ಪಕ್ಕ ಇಟ್ಟು ನೋಡದೆ ನಾನು ಮುಂದೆ ಹೋಗಿಲ್ಲ.

ಫೈರ್ ಇಂಜಿನ್‌ನಲ್ಲಿ ಈ ಅಪಾಯ ಇನ್ನೂ ದೊಡ್ಡದು, ಯಾಕೆಂದರೆ ಒಂದು ಊರಿನ ಗಾಡಿ ಇನ್ನೊಂದರ ಹಾಗೆ ಇರುವುದಿಲ್ಲ. ಟೆಂಡರ್‌ನಲ್ಲಿ ದರ ಸಿಕ್ಕಿದ್ದು ಒಂದು ಮೂಲ ಮಾದರಿಗೆ. ಅದರ ಮೇಲೆ ನಿಮ್ಮ ಫೈರ್ ಚೀಫ್ ದೀಪ, ಕಪಾಟು, ದೊಡ್ಡ ಪಂಪು ಅಂತ ಸೇರಿಸುತ್ತಾ ಹೋಗುತ್ತಾರೆ. ಎಚ್‌ಜಿಎಸಿ ಬೈ ಖರೀದಿಯಲ್ಲಿ ಇದಕ್ಕೇ ಒಂದು ಬೆಲೆ ಹಾಳೆ ತುಂಬಬೇಕು. ಮೂಲ ಗಾಡಿಯ ಬೆಲೆ ಮೊದಲು. ಟೆಂಡರ್‌ನಲ್ಲೇ ದರ ಪ್ರಕಟವಾದ ಹೆಚ್ಚುವರಿ ಐಟಂಗಳು ಆಮೇಲೆ. ದರ ಪ್ರಕಟವಾಗದ ಐಟಂಗಳು ಬೇರೆಯಾಗಿ ಕೆಳಗೆ. ಈ ಕೊನೆಯದು ಮೇಲಿನ ಎರಡರ ಮೊತ್ತದ 25 ಪರ್ಸೆಂಟ್ ಮೀರಬಾರದು. ನೀವು ಮೊದಲು ಕೇಳಿ ಪಡೆಯಬೇಕಾದ ಕಾಗದ ಇದೇ. ಒಂದೇ ಪುಟ. ಮೂರನೇ ಭಾಗ ದೊಡ್ಡದಿದ್ದಷ್ಟೂ ನಿಮ್ಮ ಊರು ಟೆಂಡರ್‌ನಿಂದ ದೂರ ಹೋಗಿದೆ ಅಂತ ಅರ್ಥ.

ಗಾಡಿ ಯಾವಾಗ ಬರುತ್ತದೆ ಅಂತಲೂ ಕೇಳಿ. ಈಚಿನ ವರ್ಷಗಳಲ್ಲಿ ಆರ್ಡರ್ ಕೊಟ್ಟು ಎರಡು ಮೂರು ವರ್ಷ ಕಾಯುವುದು ಮಾಮೂಲಾಗಿದೆ. ಅಷ್ಟರಲ್ಲಿ ಉಕ್ಕು, ಇಂಜಿನ್ ಬೆಲೆ ಏರಿದರೆ ಅದನ್ನು ಊರೇ ಭರಿಸಬೇಕು ಅನ್ನುವ ಷರತ್ತು ಕೆಲವು ಕರಾರುಗಳಲ್ಲಿ ಇರುತ್ತದೆ. ಕೌನ್ಸಿಲ್ ಒಪ್ಪಿದ ಮೊತ್ತ ಕೊನೆಯ ಮೊತ್ತ ಹೌದಾ ಅಂತ ನೋಡಿಕೊಳ್ಳಿ.

ನಿಮ್ಮ ಗೆಳೆಯರ ವಿಷಯ. ಸಣ್ಣ ವ್ಯಾಪಾರಿಗೆ ದೇಶಮಟ್ಟದ ಕೂಟದ ಟೆಂಡರ್ ಗೆಲ್ಲುವುದು ಕಷ್ಟ, ಸುಳ್ಳು ಭರವಸೆ ಕೊಡಲಾರೆ. ಎಲ್ಲ ಕಡೆಗೂ ಸರಕು ಕಳಿಸುವ ಶಕ್ತಿ ಇದೆಯಾ ಅಂತ ಅವರು ನೋಡುತ್ತಾರೆ. ಆದರೆ ದಾರಿಗಳಿವೆ. ಟೆಕ್ಸಾಸ್‌ನ ಪ್ರಾದೇಶಿಕ ಕೂಟಗಳು, ಶಾಲೆಗಳ ಕೂಟಗಳು ಪಾರ್ಕ್ ಸಾಮಾನಿಗೆ ಆಗಾಗ ಟೆಂಡರ್ ಕರೆಯುತ್ತವೆ. ಒಂದೇ ಟೆಂಡರ್‌ನಲ್ಲಿ ಹತ್ತಾರು ಜನರಿಗೆ ಒಪ್ಪಂದ ಕೊಡುವುದೂ ಉಂಟು. ಅಲ್ಲಿ ವೆಂಡರ್ ಆಗಿ ನೋಂದಾಯಿಸಿಕೊಂಡರೆ ಟೆಂಡರ್ ಪ್ರಕಟವಾದಾಗ ಇಮೇಲ್ ಬರುತ್ತದೆ. ಆಗಲೇ ಒಪ್ಪಂದ ಇರುವ ದೊಡ್ಡ ಕಂಪನಿಗೆ ಸ್ಥಳೀಯ ಡೀಲರ್ ಆಗುವುದು ಇನ್ನೊಂದು ದಾರಿ, ಆಗ ಆರ್ಡರ್ ಇವರ ಮೂಲಕ ಹೋಗುತ್ತದೆ.

ನನ್ನನ್ನು ಕೇಳಿದರೆ ಅವರು ಮೊದಲು ಪಕ್ಕದ ಊರುಗಳ ಸಣ್ಣ ಟೆಂಡರ್ ಹಿಡಿಯಲಿ. ಆ ಫಾರಂಗಳಲ್ಲಿ ಒಂದು ಪ್ರಶ್ನೆ ಇರುತ್ತದೆ: ಇದೇ ದರಕ್ಕೆ ಬೇರೆ ಸರ್ಕಾರಿ ಸಂಸ್ಥೆಗಳಿಗೂ ಕೊಡುತ್ತೀರಾ? ಬಹಳ ಜನ ಯೋಚಿಸದೆ "ಇಲ್ಲ" ಅಂತ ಗುರುತು ಹಾಕಿಬಿಡುತ್ತಾರೆ. "ಹೌದು" ಅಂದರೆ ಅಕ್ಕಪಕ್ಕದ ಹತ್ತು ಊರು ಮತ್ತೆ ಟೆಂಡರ್ ಇಲ್ಲದೆ ಅವರಿಂದ ಕೊಳ್ಳಬಹುದು. ಸಾಗಣೆ ಖರ್ಚಿಗೆ ಮಾತ್ರ ಹುಷಾರಾಗಿರಬೇಕು. ಟೆಂಡರ್ ಅವಕಾಶ ಕೊಟ್ಟರೆ ಇಷ್ಟು ಮೈಲಿ ಒಳಗೆ ಅಂತ ಬರೆಯಲಿ. ಜೊತೆಗೆ ನಿಮ್ಮ ಊರಿನ ಪಾರ್ಕ್ ವಿಭಾಗದವರನ್ನು ಹೋಗಿ ಕಾಣಲಿ. ಕೂಟದ ಒಪ್ಪಂದ ಇದೆ ಅಂದ ಮಾತ್ರಕ್ಕೆ ಅದನ್ನೇ ಬಳಸಬೇಕು ಅಂತ ಕಡ್ಡಾಯ ಇಲ್ಲ. ಟೆಂಡರ್ ಮಿತಿಗಿಂತ ಕೆಳಗಿನ ಖರೀದಿಗೆ ಟೆಂಡರ್ ಇಲ್ಲದೆಯೇ ಇವರ ಕೊಟೇಷನ್ ತರಿಸಿಕೊಳ್ಳಬಹುದು.

ಈಗ ನೀವೇನು ಮಾಡಬಹುದು ಅನ್ನುವುದು. ಸಿಟಿ ಸೆಕ್ರೆಟರಿಗೆ ಒಂದು ಇಮೇಲ್ ಬರೆಯಿರಿ. ಟೆಕ್ಸಾಸ್‌ನ ಸಾರ್ವಜನಿಕ ಮಾಹಿತಿ ಕಾಯ್ದೆಯಡಿ ಕೇಳುತ್ತಿದ್ದೇನೆ ಅಂತ ಒಂದು ಸಾಲು ಸೇರಿಸಿ. ಒಪ್ಪಂದದ ನಂಬರ್, ಮೂಲ ಟೆಂಡರ್ ದಾಖಲೆ, ಬಂದ ಬಿಡ್‌ಗಳ ಪಟ್ಟಿ, ಬೆಲೆ ಹಾಳೆ, ಕೂಟದ ಜೊತೆ ನಿಮ್ಮ ಊರು ಮಾಡಿಕೊಂಡ ಕರಾರು ಇಷ್ಟು ಕೇಳಿ. ಅವರು ಬೇಗ ಕೊಡಬೇಕು. ಹತ್ತು ಕೆಲಸದ ದಿನದೊಳಗೆ ಆಗದಿದ್ದರೆ ಯಾವಾಗ ಕೊಡುತ್ತೇವೆ ಅಂತ ತಿಳಿಸಬೇಕು. ಕಾರಣ ಹೇಳುವ ಅಗತ್ಯ ನಿಮಗಿಲ್ಲ. ಖರೀದಿ ಮಾಡಿದವರು ಕೆಲಸ ಸರಿಯಾಗಿ ಮಾಡಿದ್ದರೆ ಈ ಐದೂ ಕಾಗದ ಒಂದೇ ಫೈಲಿನಲ್ಲಿ ಇರುತ್ತವೆ, ಮರುದಿನವೇ ಕಳಿಸುತ್ತಾರೆ.

ಚರ್ಚೆಯೇ ಆಗಲಿಲ್ಲ ಅಂದಿರಿ. ಅದು ಕನ್ಸೆಂಟ್ ಅಜೆಂಡಾದಲ್ಲಿ ಇದ್ದಿರಬೇಕು. ಅಲ್ಲಿ ಹತ್ತಾರು ವಿಷಯಗಳಿಗೆ ಒಂದೇ ಸಲ ಕೈ ಎತ್ತುತ್ತಾರೆ. ಯಾವುದೇ ಒಬ್ಬ ಕೌನ್ಸಿಲ್ ಸದಸ್ಯ ಕೇಳಿದರೆ ಸಾಮಾನ್ಯವಾಗಿ ಒಂದು ವಿಷಯವನ್ನು ಅದರಿಂದ ಹೊರಗೆ ತೆಗೆದು ಬೇರೆಯಾಗಿ ಚರ್ಚೆಗೆ ಹಾಕುತ್ತಾರೆ. ಅಜೆಂಡಾದ ಯಾವುದೇ ವಿಷಯದ ಮೇಲೆ, ಕೌನ್ಸಿಲ್ ಅದನ್ನು ತೀರ್ಮಾನಿಸುವ ಮೊದಲು, ನಿಮಗೂ ಮಾತಾಡಲು ಹಕ್ಕಿದೆ. 2019ರಲ್ಲಿ ಟೆಕ್ಸಾಸ್ ಅದನ್ನು ಕಾನೂನು ಮಾಡಿದೆ. ಮುಂದಿನ ಸಭೆಯ ಅಜೆಂಡಾದಲ್ಲಿ "ಸಹಕಾರಿ ಖರೀದಿ" ಅನ್ನುವ ಮಾತು ಕಂಡರೆ ಹಿಂದಿನ ದಿನವೇ ನಿಮ್ಮ ಸದಸ್ಯರಿಗೆ ಫೋನ್ ಮಾಡಿ. ಸಾಧ್ಯವಾದರೆ ತಂದೆಯವರನ್ನೂ ಸಭೆಗೆ ಕರೆದುಕೊಂಡು ಹೋಗಿ. ಬೆಲೆ ಹಾಳೆಯ ಆ ಮೂರನೇ ಭಾಗವನ್ನು ಅವರ ಕೈಗೆ ಕೊಡಿ. ಇಷ್ಟು ವರ್ಷ ಟೆಂಡರ್ ಫೈಲು ಓದಿದ ಕಣ್ಣು ಅವರದು, ಏನು ಕೇಳಬೇಕು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.